ಗೆಣಸು ತಿಂದ ಹುಡುಗಿ

ಮದುವೆಯಾದ ಹೆಂಗಸು ಮಕ್ಕಳ ಪುಸ್ತಕ ಓದಬಾರದು ಎಂದು ನನಗೆ ಯಾರೂ ಹೇಳಿರಲಿಲ್ಲ. ಆದರೂ ಸೊರಬದಲ್ಲಿ ಶಿಕಾರಿಪುರದ ಬಸ್ಸು ಹತ್ತುವಾಗ ಆ ಪುಸ್ತಕವನ್ನು ಸೀರೆಯ ಮಡಿಕೆಗಳ ನಡುವೆ ಸೇರಿಸಿ, ಮೇಲೆ ಅವ್ವ ಕೊಟ್ಟ ಉಂಡೆಯ ಡಬ್ಬಿ ಹೇರಿ, ಕದ್ದ ಮಾಲು ಸಾಗಿಸುವವಳ ಹಾಗೆ ತಂದಿದ್ದೆ. ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ಮದುವೆಯ ನಂತರದ ಮೊದಲ ಆಷಾಢವನ್ನು ತವರಿನಲ್ಲಿ ಕಳೆದು, ಶ್ರಾವಣದ ಪಂಚಮಿ ಹಬ್ಬವನ್ನೂ ಅಲ್ಲೇ ಮುಗಿಸಿಕೊಂಡು ಗಂಡನ ಮನೆಗೆ ವಾಪಸು ಹೊರಟಿದ್ದೆ.

ಪುಸ್ತಕ ಸೊರಬದ ಲೈಬ್ರರಿಯದು. ಮೂರು ಭಾಗದ ಕಾದಂಬರಿಯ ಮೊದಲ ಭಾಗ. ಮೊದಲ ಕೆಲವು ಪುಟಗಳು ಹರಿದು ಹೋಗಿದ್ದರಿಂದ ಬರೆದವರು ಯಾರು, ಯಾವ ಭಾಷೆಯಿಂದ ಬಂದದ್ದು, ಒಂದೂ ತಿಳಿಯುತ್ತಿರಲಿಲ್ಲ. ಮಕ್ಕಳ ಕಪಾಟಿನಲ್ಲಿ ಇಟ್ಟಿದ್ದರು, ಅಷ್ಟೇ. ಮುಂದೆಂದೋ ಬರುವ ಕಾಲದ ಕಥೆ. ಮಳೆ ಕೈಕೊಟ್ಟು ಊರುಗಳೆಲ್ಲ ಹಾಳುಬಿದ್ದು ಒಂದೇ ಒಂದು ಪಟ್ಟಣ ಉಳಿದಿದೆ. ಅದರ ಸುತ್ತ ಎತ್ತರದ ಗೋಡೆ, ಕಣಜದ ಬೀಗದ ಕೈ ಆಳುವವರ ಸೊಂಟದಲ್ಲಿ. ಹದಿನೈದು ತುಂಬಿದ ಮಕ್ಕಳನ್ನು ಒಂದು ಇಡೀ ಚಳಿಗಾಲ ಗೋಡೆಯ ಹೊರಗೆ ಬಿಟ್ಟು ಬಾಗಿಲು ಹಾಕುತ್ತಾರೆ. ಬದುಕಿ ಬಂದವರಿಗೆ ಒಳಗೆ ಅನ್ನ. ಬಾರದವರ ಹೆಸರನ್ನು ಹೆತ್ತವರೂ ಎತ್ತುವಂತಿಲ್ಲ. ಹಾಗೆ ಹೊರಗೆ ಬಿದ್ದ ಒಬ್ಬ ಹುಡುಗಿ ಬದುಕಿ ಉಳಿಯುತ್ತಾಳೆ. ಆದರೆ ಬಾಗಿಲು ತೆರೆದಾಗ ಒಳಗೆ ಬರಲು ಒಪ್ಪುವುದಿಲ್ಲ. ಅಲ್ಲಿಂದ ಮುಂದೆ ದಂಗೆ.

ನನ್ನನ್ನು ಡಿಗ್ರಿಯ ಎರಡನೇ ವರ್ಷದಲ್ಲಿ ಕಾಲೇಜು ಬಿಡಿಸಿ ಮದುವೆ ಮಾಡಿದ್ದರು. ಅದರ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಆ ಕಥೆ ಓದುತ್ತಿದ್ದಂತೆ ಆ ಹುಡುಗಿ ನಾನೇ ಎಂದು ತೀರ್ಮಾನಿಸಿಬಿಟ್ಟೆ. ಗೋಡೆಯ ಹೊರಗೆ ತಳ್ಳಿಸಿಕೊಂಡವಳು, ಹಲ್ಲು ಕಚ್ಚಿ ಬದುಕುವವಳು, ಒಂದು ದಿನ ತಿರುಗಿ ಬೀಳುವವಳು. ಮೂರು ಹೊತ್ತು ಬಿಸಿ ರೊಟ್ಟಿ ತಿಂದುಕೊಂಡು, ಮೈತುಂಬ ಹೊಸ ಸೀರೆ ಉಟ್ಟುಕೊಂಡು ಹೀಗೆ ಅಂದುಕೊಳ್ಳಲು ನನಗೆ ಒಂಚೂರೂ ಸಂಕೋಚ ಆಗಿರಲಿಲ್ಲ.

ಗಂಡನ ಮನೆಯವರದು ಶಿಕಾರಿಪುರದಲ್ಲಿ ಕಾಳುಕಡಿ ವ್ಯಾಪಾರ. ಲಿಂಗ ಕಟ್ಟಿದ ಮನೆ. ಶ್ರಾವಣದಲ್ಲಿ ಮೊಟ್ಟೆ ಎಂಬ ಮಾತನ್ನೂ ಹೊಸ್ತಿಲೊಳಗೆ ಆಡುತ್ತಿರಲಿಲ್ಲ. ಮನೆಗೆ ಹಿರಿಯರು ನನ್ನ ಗಂಡನ ಅಜ್ಜಿ. ಎರಡೂ ಕಣ್ಣಿಗೆ ಪೊರೆ ಬಂದು, ಎದುರಿಗೆ ನಿಂತವರು ಆಳೋ ಕಂಬವೋ ಎಂದು ಕೇಳಿ ತಿಳಿಯುವ ಸ್ಥಿತಿ. ಊಟಕ್ಕೆ ಕೂತಾಗ "ಎಲ್ಲಾರೂ ಕೂತರೇನು?" ಎಂದು ಕೇಳಿ, ಹೂಂ ಅನ್ನಿಸಿಕೊಳ್ಳದೆ ಒಂದು ತುತ್ತು ಬಾಯಿಗೆ ಹಾಕುತ್ತಿರಲಿಲ್ಲ. ವರ್ಷಾವರ್ಷ ಶ್ರಾವಣಕ್ಕೆ ಮಠಕ್ಕೆ ಹೋಗಿ ಪುರಾಣ ಕೇಳುತ್ತಿದ್ದವರು, ಆ ವರ್ಷ ಕಣ್ಣಿನಿಂದಾಗಿ ಹೋಗಲಾರದೆ ಕುಳಿತಿದ್ದರು. "ಕಾಲೇಜು ಓದಿದ ಸೊಸಿ ಬಂದಾಳ, ಮನ್ಯಾಗs ಓದಲಿ" ಎಂದು ಅಪ್ಪಣೆಯಾಯಿತು.

ಓದಿದೆ. ಓದಿದೆ ಎಂದರೆ, ಎಡವಿದೆ. ಹಳೆಯ ಷಟ್ಪದಿ. ಎಲ್ಲಿ ಬಿಡಿಸಬೇಕೋ ಅಲ್ಲಿ ಕೂಡಿಸುತ್ತಿದ್ದೆ, ಕೂಡಿಸಬೇಕಾದಲ್ಲಿ ಬಿಡಿಸುತ್ತಿದ್ದೆ. ಅಜ್ಜಿಗೆ ಅದೆಲ್ಲ ಬಾಯಿಪಾಠ. ನಾನು ಎಡವಿದಲ್ಲೆಲ್ಲ ಅವರು ಕಣ್ಣು ಮುಚ್ಚಿಕೊಂಡೇ ಸರಿಯಾದ ಸಾಲು ಹೇಳುವರು, ನಾನು ಗಿಣಿಯಂತೆ ಅದನ್ನೇ ಒಪ್ಪಿಸುವೆ. ಯಾರು ಯಾರಿಗೆ ಓದಿ ಹೇಳುತ್ತಿದ್ದಾರೆ ಎಂದು ಅತ್ತೆ ಅಡುಗೆಮನೆಯಿಂದಲೇ ನಗುತ್ತಿದ್ದರು. ಅವಮಾನಕ್ಕೆ ಕಿವಿ ಬಿಸಿಯಾಗುತ್ತಿತ್ತು.

ಒಂದು ಮಧ್ಯಾಹ್ನ ಅಜ್ಜಿಗೆ ಜೊಂಪು ಹತ್ತಿತು ಎಂದುಕೊಂಡು, ವ್ಯಾಸಪೀಠದ ಮೇಲಿದ್ದ ಪುರಾಣದ ಮೇಲೆಯೇ ನನ್ನ ಪುಸ್ತಕ ತೆರೆದು ಮನಸ್ಸಿನಲ್ಲೇ ಓದತೊಡಗಿದೆ. ಹುಡುಗಿಯ ಕಾಲು ಮಂಜಿನ ಹೊಳೆಯಲ್ಲಿ ಜಾರಿದ ಕಡೆ ಬಾಯಿ ತಪ್ಪಿ "ಅಯ್ಯೋ" ಅಂದೆ.

"ಪುರಾಣದಾಗ ಆ ಜಾಗದಾಗ ಅಯ್ಯೋ ಅನ್ನೋ ಮಾತಿಲ್ಲ" ಅಂದರು ಅಜ್ಜಿ. "ಏನ್ ಓದಾಕತ್ತಿ?"

"ಒಂದು ಕಥೆ ಅಜ್ಜಿ. ಮಕ್ಕಳದ್ದು."

"ಯಾರ ಮಕ್ಕಳದ್ದು?"

"ಹಸಿದ ಮಕ್ಕಳದ್ದು."

ಅಜ್ಜಿ ಎದ್ದು ಗೋಡೆಗೆ ಒರಗಿ ಕೂತರು. "ಹಂಗಾರ ಜೋರಾಗಿ ಓದು. ಮೊದಲಿಂದ ಓದು. ಆದ್ರ ಒಂದು ಮಾತು. ಶ್ರಾವಣದಾಗ ಮನ್ಯಾಗ ಓದಾಕ ಹಿಡಿದದ್ದು ಯಾವುದಾರ ಆಗಲಿ, ನಡುವ ಬಿಡಂಗಿಲ್ಲ. ಮಂಗಳ ಮಾಡೇ ಏಳಬೇಕು."

ಹೀಗೆ ಆ ಮನೆಯಲ್ಲಿ ಆ ವರ್ಷದ ಪುರಾಣ ಬದಲಾಯಿತು. ಗದ್ಯ ಓದುವಾಗ ನಾನು ಎಡವುತ್ತಿರಲಿಲ್ಲ. ಅಷ್ಟೇ ಅಲ್ಲ, ಕಾಲೇಜಿನ ನಾಟಕದಲ್ಲಿ ಬಹುಮಾನ ಪಡೆದ ಗಂಟಲು ನನ್ನದು. ಕಾವಲುಗಾರ ಬಂದರೆ ಗದರಿಸಿ, ಹುಡುಗಿ ಅತ್ತರೆ ಬಿಕ್ಕಿ ಓದುತ್ತಿದ್ದೆ. ಎರಡು ದಿನದಲ್ಲಿ ಅತ್ತೆ ಅಡುಗೆಮನೆ ಬಿಟ್ಟು ನಡುಮನೆಗೆ ಬಂದರು. ಪಕ್ಕದ ಮನೆಯ ಹೆಂಗಸರು ಬತ್ತಿ ಹೊಸೆಯುವ ಹತ್ತಿ ಹಿಡಿದು ಬಂದರು. "ಸೊರಬದ ಹುಡುಗಿ ಏನ್ ಚಂದ ಓದ್ತಾಳ್ರೀ" ಎಂಬ ಮಾತು ಓಣಿಯಲ್ಲಿ ಹಬ್ಬಿತು. ರೊಟ್ಟಿ ದಪ್ಪ, ಸಾರು ತೆಳು, ಮಾತು ಜೋರು ಎನ್ನಿಸಿಕೊಂಡಿದ್ದ ಮನೆಯಲ್ಲಿ ನನಗೆ ಸಿಕ್ಕ ಮೊದಲ ಮರ್ಯಾದೆ ಅದು. ಊಟವಾದ ಮೇಲಿನ ಆ ಹೊತ್ತಿಗಾಗಿ ಬೆಳಗಿನಿಂದ ಕಾಯುತ್ತಿದ್ದೆ. ಅದು ತಪ್ಪಿದರೆ ನಾನು ಮತ್ತೆ ದಪ್ಪ ರೊಟ್ಟಿಯ ಸೊಸೆ.

ಇನ್ನೊಬ್ಬಳು ಕೇಳುವವಳಿದ್ದಳು, ಹೊಸ್ತಿಲಿನ ಆಚೆ. ಉಡುತಡಿ ಕಡೆಯವಳು, ಕುರಿ ಸಾಕುವವರ ಮನೆಯ ಹೆಂಗಸು. ನಮ್ಮ ಅಂಗಡಿಯ ಕಾಳನ್ನು ಕೇರಿ ಹಸನು ಮಾಡಲು ಬೆಳಗಿನ ಬಸ್ಸಿಗೆ ಬಂದು ಜಗಲಿಯ ಮೇಲೆ ಮೊರ ಹಿಡಿದು ಕೂರುತ್ತಿದ್ದಳು. ಅವಳು ಕುಡಿಯುವ ನೀರಿನ ಲೋಟ ಜಗಲಿಯ ಗೂಡಿನಲ್ಲಿ ಬೇರೆಯೇ ಇತ್ತು. ವಯಸ್ಸಿನಲ್ಲಿ ನನ್ನ ಅವ್ವನಷ್ಟು ದೊಡ್ಡವಳು. ಮನೆಯವರೆಲ್ಲ ಅವಳಿಗೆ ಏಕವಚನ ಹಚ್ಚುತ್ತಿದ್ದರು, ಬಂದ ವಾರದಲ್ಲೇ ನನ್ನ ನಾಲಿಗೆಗೂ ಅದು ಹತ್ತಿತು. ಈಗ ಬರೆಯುವಾಗ 'ಅವರು' ಎಂದು ಬರೆಯಬಹುದು. ಆದರೆ ಆಗ ಕೊಡದ ಮರ್ಯಾದೆಯನ್ನು ಈಗ ಕಾಗದದ ಮೇಲೆ ಕೊಟ್ಟು ದೊಡ್ಡವಳಾಗುವ ನಾಟಕ ನನಗೆ ಬೇಡ.

ಅವಳು ಕಥೆ ಕೇಳುತ್ತಿದ್ದಾಳೆ ಎಂದು ತಿಳಿದದ್ದು ಮೊರದ ಸದ್ದಿನಿಂದ. ಕಥೆ ಸಲೀಸಾಗಿ ಸಾಗುವಾಗ ಮೊರ ಝಲ್ ಝಲ್ ಎನ್ನುತ್ತಿತ್ತು. ಹುಡುಗಿಗೆ ಅಪಾಯ ಬಂದ ಕೂಡಲೇ ನಿಂತುಬಿಡುತ್ತಿತ್ತು.

ಮೊದಲ ಪೇಚು ಬಂದದ್ದು ಮೊಲದಿಂದ. ಹುಡುಗಿ ಹಸಿವಿನಿಂದ ಕಂಗೆಟ್ಟು, ಕಾಡಿನಲ್ಲಿ ಉರುಲು ಹಾಕಿ, ಬೆಳಗಾಗೆದ್ದು ನೋಡಿದರೆ ಮೊಲ ಸಿಕ್ಕಿದೆ. ಎರಡು ಸಾಲು ಮುಂದೆ ಕಣ್ಣು ಹಾಯಿಸಿದೆ. ಸುಲಿಯುವುದು, ಸುಡುವುದು, ಬೆರಳು ನೆಕ್ಕುವುದು, ಎಲ್ಲ ಬಿಡಿಬಿಡಿಯಾಗಿ ಬರೆದಿತ್ತು. ತವರಿನಲ್ಲಿ ಒಬ್ಬಳೇ ಕೂತು ಓದಿದ್ದಾಗ ಬಾಯಲ್ಲಿ ನೀರೂರುವಷ್ಟು ಚೆನ್ನಾಗಿದೆ ಅನ್ನಿಸಿತ್ತು. ಈಗ ಎದುರಿಗೆ ವಿಭೂತಿ ಧರಿಸಿದ ಅಜ್ಜಿ, ಪಕ್ಕದಲ್ಲಿ ಅತ್ತೆ, ಸುತ್ತ ಹತ್ತಿ ಬಿಡಿಸುವ ಹೆಂಗಸರು. ಶ್ರಾವಣ ಬೇರೆ. ಇದನ್ನು ಓದಿದರೆ ಪುಸ್ತಕವೂ ಹೋಯಿತು, ನನ್ನ ಮರ್ಯಾದೆಯೂ ಹೋಯಿತು.

"ಬೆಳಗಾಗೆದ್ದು ನೋಡಿದರೆ ಗೆಣಸು ಸಿಕ್ಕಿದೆ" ಎಂದು ಓದಿದೆ. ಹುಡುಗಿ ಗೆಣಸನ್ನು ಕೆಂಡದಲ್ಲಿ ಸುಟ್ಟಳು, ಬೆರಳು ನೆಕ್ಕಿದಳು.

ಅಜ್ಜಿ ಹುಬ್ಬು ಗಂಟಿಕ್ಕಿದರು. "ಗೆಣಸಿಗೆ ಉರುಲು ಯಾಕ ಹಾಕಿದ್ಲು? ಗೆಣಸು ಓಡಿ ಹೋಗ್ತೈತೇನು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ನಾನು ಪುಸ್ತಕವನ್ನು ಎದೆಗವಚಿಕೊಂಡೆ. "ಉರುಲು ಹಂದಿಗೆ ಅಜ್ಜಿ. ಗೆಣಸು ಕೆದರಾಕೆ ಬರ್ತಾವಲ್ಲ."

"ಸಿಕ್ಕ ಹಂದೀನ ಏನ್ ಮಾಡಿದ್ಲು?" ಇದು ಅತ್ತೆ.

"ಬಿಟ್ಟುಬಿಟ್ಲು ಅತ್ತೆ."

ಜಗಲಿಯಲ್ಲಿ ಯಾರೋ ಸೆರಗು ಬಾಯಿಗೆ ತುರುಕಿಕೊಂಡು ಕೆಮ್ಮಿದ ಸದ್ದಾಯಿತು.

ಒಂದು ಸುಳ್ಳಿಗೆ ಬಾಗಿಲು ತೆರೆದರೆ ಅದು ಬಳಗವನ್ನೆಲ್ಲ ಕರೆದುಕೊಂಡೇ ಬರುತ್ತದೆ. ಹುಡುಗಿ ಮೊಲದ ಚರ್ಮಗಳನ್ನು ಸೇರಿಸಿ ಹೊಲಿದು ಚಳಿಗೆ ಹೊದ್ದಳು ಎಂದು ಮುಂದೆ ಬಂತು. ಗೆಣಸಿನ ಸಿಪ್ಪೆಯಲ್ಲಿ ಅಂಗಿ ಹೊಲಿಸಲು ನನ್ನಿಂದಾಗಲಿಲ್ಲ. ಕಂಬಳಿ ಹೊದ್ದಳು ಎಂದೆ. ಕೂಡಲೇ ಜಗಲಿಯಿಂದ ಪ್ರಶ್ನೆ ಬಂತು, ಅಷ್ಟು ದಿನದಲ್ಲಿ ಅವಳ ಮೊದಲ ಮಾತು. "ಕಂಬಳಿ ಎಲ್ಲಿಂದ ಬಂತ್ರೀ ಅಮ್ಮಾರೆ? ಅಲ್ಲಿ ಕುರಿ ಅದಾವೇನು?"

ಅದಾವೆ ಅನ್ನದೆ ಬೇರೆ ದಾರಿಯಿರಲಿಲ್ಲ. ಹಾಗಾಗಿ ಎರಡನೆಯ ಭಾಗದ ಹೊತ್ತಿಗೆ ನನ್ನ ದಂಗೆಯ ಹುಡುಗಿ ಕುರಿ ಕಾಯುವವಳೂ ಆಗಿದ್ದಳು. ಪುಸ್ತಕದಲ್ಲಿ ಒಂದೂ ಕುರಿ ಇಲ್ಲ. ನಾನು ಕುರಿಗೆ ಹುಲ್ಲು ತೋರಿಸಿ, ನೀರು ಕುಡಿಸಿ, ಕಾವಲುಗಾರರು ಬಂದಾಗ ಅವುಗಳ ನಡುವೆ ಹುಡುಗಿಯನ್ನು ಅಡಗಿಸಿ ಓದುತ್ತಿದ್ದೆ. ಕುರಿ ಬಂದಾಗಲೆಲ್ಲ ಮೊರ ನಿಲ್ಲುತ್ತಿತ್ತು. "ನಮ್ಮ ಹುಡುಗಿ" ಅನ್ನತೊಡಗಿದಳು ಅವಳು. "ನಮ್ಮ ಹುಡುಗಿ ಇವತ್ತೇನ್ ಮಾಡಿದ್ಲ್ರೀ?" ಕಾಳಿನ ಕೆಲಸವಿಲ್ಲದ ದಿನವೂ ಬಸ್ಸು ಹತ್ತಿ ಬಂದು ಬರಿಗೈಯಲ್ಲಿ ಜಗಲಿಯ ಮೇಲೆ ಕೂತಳು. ಅತ್ತೆ, ಸುಮ್ಮನೆ ಯಾಕೆ ಕೂರುತ್ತಿ ಎಂದು ಬೆಳ್ಳುಳ್ಳಿ ಬಿಡಿಸಲು ಕೊಟ್ಟರು.

ಒಂದು ದಿನ ಅವಳ ಲೋಟಕ್ಕೆ ನೀರು ಹಾಕಲು ಹೋಗಿದ್ದೆ. ಇಬ್ಬರೇ ಇದ್ದೆವು.

"ಅಮ್ಮಾರೆ, ಆ ಹುಡುಗಿ ತಿನ್ನೋದು ಗೆಣಸಲ್ಲ. ಹೌದಲ್ರೀ?" ದನಿ ತಗ್ಗಿಸಿ ಕೇಳಿದಳು. ಮುಖದಲ್ಲಿ ಕೊಂಕಿರಲಿಲ್ಲ. ನನಗಷ್ಟೇ ಹೇಳಿ, ಸಾಕು ಎನ್ನುವ ಆಸೆಯಿತ್ತು.

ಹೌದು ಅಂದಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಅವಳು ಒಳಗೆ ಬಂದು ಚಾಡಿ ಹೇಳುವವಳಲ್ಲ, ಒಳಗೆ ಬರುವಂತೆಯೇ ಇರಲಿಲ್ಲವಲ್ಲ. ಆದರೆ ಹೌದು ಎಂದರೆ, ತಿಂದದ್ದನ್ನು ಯಾಕೆ ಮುಚ್ಚಿಟ್ಟಿರಿ ಎಂಬ ಇನ್ನೊಂದು ಪ್ರಶ್ನೆ ಅದರ ಬೆನ್ನಿಗೇ ನಿಂತಿತ್ತು. ಅವಳ ಮನೆಯಲ್ಲಿ ತಿನ್ನುವುದನ್ನು ನಾನು ಹೇಳಬಾರದ ಮಾತು ಎಂದು ಬಚ್ಚಿಟ್ಟಿದ್ದೆ, ಅದೂ ಅವಳ ಎದುರಿಗೇ. "ಪುಸ್ತಕದಲ್ಲಿ ಹಂಗೇ ಬರೆದದೆ" ಎಂದೆ, ಗಾಬರಿಯಲ್ಲಿ ಸೊರಬದ ಮಾತೇ ಬಂತು.

"ಹೌದೇನ್ರೀ" ಎಂದು ನೀರು ಕುಡಿದಳು. ನಾಚಿಕೆಯಾಯಿತು. ಒಳಗೆ ಹೋಗಿ ಮುಖ ತೊಳೆದುಕೊಂಡೆ.

ಒಂದೊಂದು ಭಾಗ ಮುಗಿದಂತೆ ನನ್ನ ಅಣ್ಣ ಸೊರಬದಿಂದ ಬರುವಾಗ ಮುಂದಿನದನ್ನು ತಂದು, ಮುಗಿದದ್ದನ್ನು ಒಯ್ಯುತ್ತಿದ್ದ. ಮೂರನೆಯದನ್ನು ತಂದ ದಿನ, "ಇದೇನೇ, ಮೊದಲಿನ ಎರಡಕ್ಕೂ ವಿಭೂತಿ ಬಳಿದಿದೀರಿ. ಒಂದನ್ನ ವಾಪಸು ಕೊಟ್ಟಾಗ್ಲೇ ಲೈಬ್ರರಿಯವರು ನನ್ನ ಮುಖ ನೋಡಿದ್ರು" ಎಂದು ಬೈದ. ನಿಜವೇ. ದಿನವೂ ಓದು ಶುರುವಾಗುವ ಮೊದಲು ಅಜ್ಜಿ ಕೈ ತಡವುತ್ತ ಪುಸ್ತಕ ಹುಡುಕಿ ಮೂರು ಬೆರಳಲ್ಲಿ ವಿಭೂತಿ ಎಳೆಯುತ್ತಿದ್ದರು.

ಮೂರನೆಯ ಭಾಗವನ್ನು ನಾನು ಓದಿದ ರೀತಿ ಈಗಲೂ ನೆನಪಿದೆ. ಹೊರಗೆ ಬದುಕಿ ಉಳಿದ ಮಕ್ಕಳೆಲ್ಲ ಸೇರಿ ಗೋಡೆಗೆ ಮುತ್ತಿಗೆ ಹಾಕಿದರು. ಒಳಗೊಳಗೆ ಕಾಲೇಜು ಬಿಡಿಸಿದ ಅಪ್ಪನನ್ನು, ರೊಟ್ಟಿ ಅಳೆಯುವ ಅತ್ತೆಯನ್ನು, ಎಲ್ಲರನ್ನೂ ಸೋಲಿಸುತ್ತಿದ್ದೆ. ಕೊನೆಯ ಅಧ್ಯಾಯದಲ್ಲಿ ಬಾಗಿಲು ಮುರಿಯುತ್ತದೆ, ಕಣಜ ತೆರೆಯುತ್ತದೆ. ಹುಡುಗಿಯನ್ನು ಆಳುವವರ ಪೀಠದಲ್ಲಿ ಕೂರು ಅನ್ನುತ್ತಾರೆ. ಅವಳು ಕೂರುವುದಿಲ್ಲ. ಆ ದೊಡ್ಡ ಬಾಗಿಲನ್ನು ಕಿತ್ತು ತಂದು ಬಯಲಿನಲ್ಲಿ ಹಾಸಿ, ಅದರ ಮೇಲೆ ಅನ್ನ ಹರವಿ, ಒಳಗಿನವರು ಹೊರಗಿನವರು ಎನ್ನದೆ ಸುತ್ತ ಕೂತು ಉಣ್ಣುತ್ತಾರೆ. ಅಲ್ಲಿಗೆ ಮುಗಿಯಿತು.

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು "ಬಾಗಲಾ ಕಿತ್ತು ಊಟಕ್ಕ ಹಾಸಿದ್ಲು. ಭೇಷ್ ಹೆಣ್ಣು" ಅಂದರು. ಜಗಲಿಯಿಂದ "ಗೆದ್ಲು ನಮ್ಮ ಹುಡುಗಿ" ಎಂಬ ದನಿ ಬಂತು.

ಮರುದಿನ ಮಂಗಳ. ಕೇಳಿದವರಿಗೆಲ್ಲ ಊಟ ಎಂದು ಅಜ್ಜಿ ಹೇಳಿದ್ದರು. ಪುಸ್ತಕವನ್ನು ವ್ಯಾಸಪೀಠದ ಮೇಲಿಟ್ಟು ಹೂ ಏರಿಸಿ, ಕಾಯಿ ಒಡೆದು, ಆರತಿ ಎತ್ತಿದೆವು. ಅಜ್ಜಿ ನನ್ನ ತಲೆಯ ಮೇಲೆ ಕೈಯಿಟ್ಟು, "ಇಂಥಾ ಪುರಾಣ ಮಠದಾಗೂ ಕೇಳಿರಲಿಲ್ಲ" ಎಂದರು. ಅತ್ತೆ ನನಗೆ ಹೊಸ ಸೀರೆ ಉಡಿಸಿದ್ದರು. ಹೆಮ್ಮೆಯಿಂದ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಗೋಧಿ ಹುಗ್ಗಿ, ತುಪ್ಪ, ಕೋಸಂಬರಿ, ಬದನೆಕಾಯಿ ಎಣ್ಣೆಗಾಯಿ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ಗಾದೆಯಿದೆಯಲ್ಲ, ಅವತ್ತು ನಮ್ಮ ಮನೆಯಲ್ಲಿ ಎರಡೂ ತಯಾರಿದ್ದವು. ನಡುಮನೆಯಲ್ಲಿ ಪಂಕ್ತಿ ಕೂತಿತು. ಕುರಿಯವರ ಹೆಂಗಸು ತಲೆಗೆ ಎಣ್ಣೆ ಹಚ್ಚಿ ಬಾಚಿ, ಹಬ್ಬಕ್ಕೆ ಉಡುವ ಸೀರೆ ಉಟ್ಟು ಬಂದಿದ್ದಳು. ಹೊಸ್ತಿಲಿನ ಆಚೆ ನಿಂತಿದ್ದಳು. ನನ್ನ ಕೈಯಲ್ಲಿ ಒಂದು ಎಲೆ ಉಳಿದಿತ್ತು, ಪಂಕ್ತಿಯ ಕೊನೆಯಲ್ಲಿ ಒಬ್ಬರು ಕೂರುವಷ್ಟು ಜಾಗವೂ ಇತ್ತು. ಸೌಟು ಹಿಡಿದಿದ್ದ ಅತ್ತೆ ಗದ್ದವನ್ನು ಜಗಲಿಯ ಕಡೆಗೆ ಒಂಚೂರು ತಿರುಗಿಸಿದರು, ಅಷ್ಟೇ.

ಎಲೆ ತೆಗೆದುಕೊಂಡು ಜಗಲಿಗೆ ನಡೆದೆ. ನನ್ನ ಕಾಲು ಅಷ್ಟು ಸಲೀಸಾಗಿ ನಡೆದದ್ದು ಈಗಲೂ ಮೈ ಉರಿಸುತ್ತದೆ. ಶ್ರಾವಣವೆಲ್ಲ ಕೂಗಿ ಕೂಗಿ ಗೋಡೆ ಬೀಳಿಸಿದವಳಿಗೆ ಒಂದು ಗದ್ದದ ಸನ್ನೆ ಸಾಕಾಯಿತು.

ಅವಳು ತಕರಾರಿಲ್ಲದೆ ಕೂತಳು. ಎಲೆಗೆ ನೀರು ಚಿಮುಕಿಸಿ ಒರೆಸಿಕೊಂಡಳು. ನಾನು ಬಗ್ಗಿ, ಸೌಟು ಎಲೆಗೆ ತಾಗದ ಹಾಗೆ ಮೇಲಿನಿಂದ ಹುಗ್ಗಿ ಬಡಿಸಿದೆ.

"ಅಮ್ಮಾರೆ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆ ಹುಡುಗಿ ಇವತ್ತ ಈ ಮನಿಗೆ ಊಟಕ್ಕ ಬಂದಿದ್ರ, ಎಲ್ಲಿ ಎಲಿ ಹಾಕ್ತಿದ್ರಿ?"

ನಾನು ತುಪ್ಪದ ಗಿಂಡಿ ಎತ್ತಿಕೊಂಡೆ. ಅವಳೇ ನಕ್ಕು ನನ್ನನ್ನು ಆ ಇಕ್ಕಟ್ಟಿನಿಂದ ಬಿಡಿಸಿದಳು.

"ಒಳಗs ಬಿಡ್ರಿ. ಗೆಣಸು ತಿಂದಾಕಿ ಅಲ್ಲೇನು? ಹಾಕ್ರಿ, ತುಪ್ಪ ಹಾಕ್ರಿ, ಹುಗ್ಗಿ ಆರ್ತೈತಿ."

ತುಪ್ಪ ಹಾಕಿದೆ. ಎಲೆಯ ಆಚೆಗೂ ಚೆಲ್ಲಿತು. ಅಷ್ಟರಲ್ಲಿ ಒಳಗಿನಿಂದ ಅಜ್ಜಿಯ ದನಿ, ನನ್ನನ್ನೇ ಉದ್ದೇಶಿಸಿ: "ಕಥಿ ಕೇಳಿದೋರೆಲ್ಲಾ ಕೂತರೇನವ್ವಾ? ಯಾರೂ ಹೊರಗ ಉಳಿದಿಲ್ಲಲ್ಲ?"

ಕಣ್ಣು ಕಾಣದ ಮುದುಕಿ. ಅವಳು ಇನ್ನೂ ಹೊರಗಿದ್ದಾಳೆ ಅಜ್ಜಿ ಎಂದು ಒಂದು ಮಾತು ಹೇಳಿದ್ದರೆ ಏನು ಮಾಡುತ್ತಿದ್ದರೋ. ಕರೆಯುತ್ತಿದ್ದರೋ, ಅಲ್ಲೇ ಇರಲಿ ಅನ್ನುತ್ತಿದ್ದರೋ. ಅದನ್ನು ತಿಳಿಯುವ ದಾರಿಯನ್ನು ನಾನೇ ಮುಚ್ಚಿದೆ. ಹೊಸ್ತಿಲಿನ ಮೇಲೆ ನಿಂತು, ಎರಡೂ ಕಡೆಯವರಿಗೆ ಕೇಳುವಂತೆ, ಬಹುಮಾನ ಪಡೆದ ಅದೇ ಗಂಟಲಿನಲ್ಲಿ, "ಎಲ್ಲಾ ಕೂತಾರೆ ಅಜ್ಜಿ" ಎಂದೆ.

ಒಳಗೆ ಅಜ್ಜಿ ಮೊದಲ ತುತ್ತು ಎತ್ತಿದರು. ಜಗಲಿಯ ಮೇಲಿದ್ದವಳು ಒಂದು ಗಳಿಗೆ ನನ್ನ ಮುಖ ನೋಡಿದಳು, ಆಮೇಲೆ ತಾನೂ ಊಟಕ್ಕೆ ಕೈಹಾಕಿದಳು.